ಉತಾರ ಹರಿದರೆ ಹೊಲ ಹೋದೀತೆ?

ಕಳೆದುಹೋಗುವುದರಲ್ಲಿ ಎರಡು ಬಗೆಯುಂಟು. ವಸ್ತುವೇ ಇಲ್ಲವಾಗುವುದು ಒಂದು. ಒಲೆಗೆ ಬಿದ್ದ ಕಾಗದದ ಗತಿ ಅದು. ವಸ್ತು ಮನೆಯೊಳಗೇ ಇದ್ದು ಅದರ ನೆಲೆ ತಪ್ಪಿಹೋಗುವುದು ಇನ್ನೊಂದು. ಅಜ್ಜಿ ಜೋಪಾನವಾಗಿ ಎತ್ತಿಟ್ಟ ಬೀಗದ ಕೈಯ ಗತಿ ಇದು. ಮೊದಲನೆಯದಕ್ಕೆ ಅಳಬೇಕು, ಎರಡನೆಯದಕ್ಕೆ ಹುಡುಕಬೇಕು. ಹುಡುಕಬೇಕಾದಲ್ಲಿ ಅಳುತ್ತ ಕುಳಿತುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ. ಗಣಕಯಂತ್ರವು ಮನೆಮನೆಯ ಸಾಮಾನಾದ ಮೇಲಂತೂ ಈ ಪಂಗಡ ದಿನದಿನಕ್ಕೆ ಬೆಳೆಯುತ್ತಿದೆ.

ಗಣಕಯಂತ್ರದಲ್ಲಿ ಕಡತಗಳು ಅಳಿಸಿಹೋದುವೆಂದರೆ ಏನು ಅಳಿಸಿತೆಂಬುದನ್ನು ಮೊದಲು ತಿಳಿಯಬೇಕು. ಯಂತ್ರದ ಹೊಟ್ಟೆಯಲ್ಲಿ ಹಾರ್ಡ್ ಡಿಸ್ಕ್ ಎಂಬ ಪೆಟ್ಟಿಗೆಯೊಂದಿರುತ್ತದೆ. ಅದರೊಳಗೆ ಗ್ರಾಮಫೋನು ತಟ್ಟೆಯಂತೆ ಗಿರ್ರನೆ ತಿರುಗುವ, ಕಾಂತದ ಲೇಪವುಳ್ಳ ಬಿಲ್ಲೆಗಳು. ಬಿಲ್ಲೆಯ ಮೈಯನ್ನು ಕಾಯಿಪಲ್ಲೆಯ ತೋಟದ ಹಾಗೆ ಸಣ್ಣ ಸಣ್ಣ ಮಡಿಗಳಾಗಿ ವಿಂಗಡಿಸಿದ್ದಾರೆ. ಹಳೆಯ ಪೆಟ್ಟಿಗೆಗಳಲ್ಲಿ ಒಂದೊಂದು ಮಡಿಗೆ 512 ಬೈಟಿನಷ್ಟು ಬರಹ ಹಿಡಿಯುತ್ತದೆ. ಇಂತಹ ಕೋಟಿಗಟ್ಟಲೆ ಮಡಿಗಳನ್ನು ಒಂದೇ ಹೊಲವಾಗಿ ಬಿಡದೆ ಎರಡು ಮೂರು ಭಾಗ ಮಾಡಿಕೊಳ್ಳುವುದು ವಾಡಿಕೆ. ಇದಕ್ಕೆ ಪಾರ್ಟಿಷನ್ ಎಂದು ಹೆಸರು. ಪಾರ್ಟಿಷನ್ ಎಂದೊಡನೆ ಕನ್ನಡನಾಡಿನ ಗೃಹಸ್ಥರಿಗೆ ಅಣ್ಣತಮ್ಮಂದಿರ ಹಿಸ್ಸೆಯೂ, ಅದರ ಹಿಂದೆಯೇ ಕೋರ್ಟು ಕಚೇರಿಯೂ ನೆನಪಿಗೆ ಬಂದರೆ ಅದು ಅವರ ತಪ್ಪಲ್ಲ. ಹೋಲಿಕೆಯೂ ಸರಿಯಾಗಿಯೇ ಇದೆ. ಯಾವ ಹಿಸ್ಸೆ ಎಲ್ಲಿಂದ ತೊಡಗುತ್ತದೆ, ಎಷ್ಟುದ್ದವಿದೆ ಎಂಬ ಪಟ್ಟಿಯನ್ನು ಪೆಟ್ಟಿಗೆಯ ಮೊಟ್ಟಮೊದಲ ಮಡಿಯಲ್ಲಿ ಬರೆದಿಟ್ಟಿರುತ್ತಾರೆ. 1983ರಲ್ಲಿ ಐ.ಬಿ.ಎಂ. ಯಂತ್ರಗಳಿಗಾಗಿ ಹೊರಬಂದ ಡಾಸ್ 2.0ರ ಕಾಲದ ಏರ್ಪಾಡು ಇದು. ಒಂದೊಂದು ಹಿಸ್ಸೆಗೆ 16 ಬೈಟು; ನಾಲ್ಕು ಹಿಸ್ಸೆಯ ಇಡೀ ಪಟ್ಟಿಗೆ 64 ಬೈಟು. ಒಂದು ತ್ರಿಪದಿಯನ್ನು ಬರೆಯುವುದಕ್ಕೆ ಬೇಕಾಗುವಷ್ಟೂ ಜಾಗವಿಲ್ಲ!

ಹಿಸ್ಸೆಯನ್ನು ಅಳಿಸಿದಾಗ ಅಳಿಯುವುದು ಈ 16 ಬೈಟು. ಒಳಗಿನ ಕೋಟಿಗಟ್ಟಲೆ ಬೈಟು ಇದ್ದಲ್ಲಿಯೇ ಇರುತ್ತವೆ.

ಉತ್ತರ ಕರ್ನಾಟಕದಲ್ಲಿ ಪಹಣಿ ಪತ್ರಿಕೆಗೆ ಉತಾರವೆನ್ನುತ್ತಾರೆ. ಉತಾರದಿಂದ ಹೆಸರು ತೆಗೆದುಹಾಕಿದ ಮಾತ್ರಕ್ಕೆ ಹೊಲವೇನೂ ಎದ್ದುಹೋಗುವುದಿಲ್ಲ. ಬದುವು ಅಲ್ಲಿಯೇ, ಬದುವಿನ ಬೇವಿನ ಮರವೂ ಅಲ್ಲಿಯೇ. ಕಾಗದದ ಮೇಲೆ ಮಾತ್ರ ಅದು ಯಾರದೂ ಅಲ್ಲದ ನೆಲ. ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ಯಾರದೂ ಅಲ್ಲದ ನೆಲವೆಂದು ಇನ್ನೊಬ್ಬನು ಬಂದು ರಂಟೆ ಹೊಡೆದು ಬಿತ್ತಿಬಿಟ್ಟರೆ ಹಿಂದಿನ ಪೈರಿನ ಕೂಳೆಯೂ ಉಳಿಯದು. ಯಂತ್ರದ ಲೋಕದಲ್ಲಿಯೂ ಹೀಗೆಯೇ. ಕಡತವನ್ನು ಕೊಲ್ಲುವುದು ಅಳಿಸುವಿಕೆಯಲ್ಲ, ಅದರ ಮೇಲೆ ಬಂದು ಕೂರುವ ಹೊಸ ಬರಹ. (2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ದೆಸೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನೇ ಸೇರಿದವು. ಉತಾರವೂ ಈಗ ಒಂದು ಕಡತವೆಂಬುದನ್ನು ನೆನೆದರೆ ಹೋಲಿಕೆಯು ತನ್ನ ಬಾಲವನ್ನು ತಾನೇ ಹಿಡಿದಂತಾಗುತ್ತದೆ, ಅದಿರಲಿ.)

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನಲ್ಲಿ ಚಿಕ್ಕೇರೂರೆಂಬ ಊರಿದೆ. 1997ರವರೆಗೆ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಊರಿನಲ್ಲಿ ನಿವೃತ್ತರಾದ ಮಾಸ್ತರರೊಬ್ಬರ ಮನೆಯಲ್ಲಿ 2013ರ ಬೇಸಿಗೆಯಲ್ಲಿ ಹೀಗೊಂದು ಹಿಸ್ಸೆ ಅಳಿಸಿತು.

ಮಾಸ್ತರರಿಗೆ ಯಂತ್ರದ ಹುಚ್ಚಿರಲಿಲ್ಲ. ಮಗ ತನ್ನ ಹಳೆಯ ಗಣಕಯಂತ್ರವನ್ನು ತಂದು ಪಡಸಾಲೆಯಲ್ಲಿಟ್ಟು ಹೋದಾಗ ಮೊದಲು ಕೆಲವು ತಿಂಗಳು ಅದರ ಮೇಲೆ ಬಟ್ಟೆ ಹೊದಿಸಿಯೇ ಇಟ್ಟಿದ್ದರು. ಹುಚ್ಚು ಹಿಡಿದುದು ಅವ್ವನ ಹಾಡುಗಳಿಂದ. ಎಂಬತ್ತು ದಾಟಿದ ಅವ್ವನಿಗೆ ಬೀಸುವ ಪದ, ಸೋಬಾನ ಪದ, ತೊಟ್ಟಿಲ ಪದ, ಆಷಾಢದ ಗುಳ್ಳವ್ವನ ಪದ, ಭಾದ್ರಪದದ ಜೋಕುಮಾರನ ಪದ ಎಲ್ಲ ಬರುತ್ತಿದ್ದವು. ಮನೆಯಲ್ಲಿ ಬೀಸುವ ಕಲ್ಲು ಎಂದೋ ಹಿತ್ತಲು ಸೇರಿದ್ದರೂ ಪದಗಳು ಬಾಯಲ್ಲಿಯೇ ಇದ್ದವು. 2008ರಲ್ಲಿ ಮಾಸ್ತರರು ಅಂಗೈಯಗಲದ ಧ್ವನಿಮುದ್ರಕವೊಂದನ್ನು ಕೊಂಡು ತಂದರು. ಅವ್ವನು ಸೊಪ್ಪು ಬಿಡಿಸುವಾಗ, ಬತ್ತಿ ಹೊಸೆಯುವಾಗ, ಮಧ್ಯಾಹ್ನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಾಗ ಒಂದೊಂದಾಗಿ ಹಾಡಿಸಿ ಹಿಡಿದರು. ತುಂಬಿದ ಮುದ್ರಕವನ್ನು ಯಂತ್ರಕ್ಕೆ ಹಚ್ಚಿ ಹಾಡುಗಳನ್ನು ‘ಡಿ’ ಎಂಬ ಹಿಸ್ಸೆಗೆ ಇಳಿಸುವುದು, ಮುದ್ರಕವನ್ನು ಬರಿದು ಮಾಡಿ ಮತ್ತೆ ಹಾಡಿಸುವುದು. ಸಾಹಿತ್ಯವನ್ನೂ ನುಡಿ ತಂತ್ರಾಂಶದಲ್ಲಿ ಎರಡು ಬೆರಳಿನಿಂದ ಕುಟ್ಟಿ ಕುಟ್ಟಿ ಬರೆದಿಡತೊಡಗಿದರು. ಅವ್ವ 2011ರಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಇನ್ನೂರಕ್ಕೆ ಮೇಲ್ಪಟ್ಟು ಪದಗಳು ಯಂತ್ರವನ್ನು ಸೇರಿದ್ದವು. ಆಮೇಲೆ ಮಾಸ್ತರರು ಅವುಗಳನ್ನು ಹೆಚ್ಚಾಗಿ ಕೇಳಲಿಲ್ಲ. ಇವೆಯೆಂಬ ಧೈರ್ಯವೊಂದೇ ಸಾಕಾಗಿತ್ತು.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ರಜೆಗೆ ಬಂದವನು, “ಅಜ್ಜಾ, ನಿನ್ನ ಮಷೀನು ಭಾಳ ನಿಧಾನ ಆಗೇತಿ, ಹೊಸಾದು ಹಾಕಿಕೊಡ್ತೇನಿ ತಡಿ” ಎಂದನು. ಉಪಕಾರಬುದ್ಧಿಯಿಂದಲೇ ಅಂದನು. ಲೋಕದ ಅನರ್ಥಗಳಲ್ಲಿ ದೊಡ್ಡದೊಂದು ಪಾಲು ಉಪಕಾರಬುದ್ಧಿಯವರದು. ಮಾಸ್ತರರು ಮದುವೆಯೊಂದಕ್ಕೆ ಹಾನಗಲ್ಲಿಗೆ ಹೋಗಿ ಬರುವಷ್ಟರಲ್ಲಿ ಅವನು ಹಳೆಯ ಹಿಸ್ಸೆಗಳನ್ನೆಲ್ಲ ಅಳಿಸಿ, ಅಷ್ಟಷ್ಟೇ ಅಳತೆಯ ಹೊಸ ಹಿಸ್ಸೆಗಳನ್ನು ಮಾಡಿ, ವಿಂಡೋಸ್ ಹಾಕಿದ್ದಲ್ಲದೆ, ಅಜ್ಜನಿಗೆ ಹೊತ್ತು ಹೋಗಲೆಂದು ‘ಡಿ’ಯಲ್ಲಿ ರಾಜಕುಮಾರರ ಐದಾರು ಚಲಚ್ಚಿತ್ರಗಳನ್ನು ತುಂಬಿಯೂ ಇಟ್ಟಿದ್ದನು. ಹಾಡುಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಇಂತಹ ಪ್ರಮಾದಗಳು ಹುಡುಗರಿಗೆ ಮೀಸಲೆಂದು ತಿಳಿಯಬಾರದು. 1998ರಲ್ಲಿ ಅಮೆರಿಕದ ಪಿಕ್ಸಾರ್ ಎಂಬ ಚಲಚ್ಚಿತ್ರ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಕಥೆಯ ಗೊಂಬೆಗಳು ಒಂದೊಂದಾಗಿ ಕಣ್ಣೆದುರಿನಲ್ಲಿಯೇ ಮಾಯವಾಗತೊಡಗಿದವು. ನಕಲು ಪ್ರತಿಗಳಿವೆಯಲ್ಲ ಎಂದು ತೆರೆದು ನೋಡಿದರೆ, ನಕಲು ತೆಗೆಯುವ ಏರ್ಪಾಡೇ ಕೆಟ್ಟು ಬಿದ್ದಿತ್ತು. ಕಡೆಗೆ ಕಾಪಾಡಿದುದು ಗ್ಯಾಲಿನ್ ಸುಸ್ಮನ್ ಎಂಬ ಬಾಣಂತಿಯ ಮನೆಯ ಯಂತ್ರ. ಎಳೆಯ ಕೂಸನ್ನು ಬಿಟ್ಟು ಬರಲಾರದೆ ಆಕೆ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯೊಂದನ್ನು ಅಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ತರುವಷ್ಟೇ ಜೋಕೆಯಿಂದ ಕಾರಿನಲ್ಲಿ ಕಚೇರಿಗೆ ತಂದರಂತೆ. ಚಿತ್ರ 1999ರಲ್ಲಿ ತೆರೆ ಕಂಡಿತು. ಚಿಕ್ಕೇರೂರಿನ ಮನೆಯಲ್ಲಿ ಅಂತಹ ಇನ್ನೊಂದು ಪ್ರತಿಯಿರಲಿಲ್ಲ.

ಮಾಸ್ತರರು ಊರಿಂದ ಬಂದು ಯಂತ್ರದ ಮುಂದೆ ಕುಳಿತರು. ಎದ್ದರು. ಕೈಕಾಲು ತೊಳೆದು ಬಂದು ಮತ್ತೆ ಕುಳಿತರು. “ಅವ್ವನ ಪದ ಎಲ್ಲೈತಿ?” ಎಂದು ಕೇಳಿದರಷ್ಟೆ. ಹುಡುಗನ ಮುಖದ ಬಣ್ಣವಿಳಿಯಿತು. ಅಜ್ಜ ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಬೈಯದಿದ್ದುದರಿಂದ ಅವನು ಕೂಡಲೇ ಏನಾದರೂ ಮಾಡಲೇಬೇಕೆಂಬ ಆತುರಕ್ಕೆ ಬಿದ್ದನು. ಅಳಿಸಿದ ಕಡತಗಳನ್ನು ಮರಳಿಸುವ ತಂತ್ರಾಂಶವನ್ನು ಅಂತರ್ಜಾಲದಿಂದ ಅದೇ ಯಂತ್ರಕ್ಕೆ, ಅದೇ ‘ಡಿ’ ಹಿಸ್ಸೆಗೆ ಇಳಿಸಿಕೊಳ್ಳತೊಡಗಿದನು. ಕಳೆದ ನಾಣ್ಯವನ್ನು ಹುಡುಕಲು ಅದೇ ಹೊಲದಲ್ಲಿ ರಂಟೆ ಹೊಡೆದಂತಾಯಿತು ಇದು. ಇಳಿಸಿದ ಒಂದೊಂದು ತುಣುಕೂ ಯಾವ ಹಾಡಿನ ಎದೆಯ ಮೇಲೆ ಕೂರುತ್ತದೆಯೆಂದು ಹೇಳುವವರಾರು?

ಅಷ್ಟರಲ್ಲಿ ಕರೆಂಟು ಹೋಯಿತು. ಹಳ್ಳಿಯಲ್ಲಿ ಬೇಸಿಗೆಯ ಕರೆಂಟನ್ನು ಹರಸಿದವರಿಲ್ಲ. ಆ ದಿನ ಮಾತ್ರ ಅದರ ಹೋಗುವಿಕೆಯೇ ವರವಾಯಿತು.

ಕತ್ತಲೆಯಲ್ಲಿ ಮಾಸ್ತರರಿಗೆ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ಅವರ ಕೈಯಲ್ಲಿ ಏಳನೆಯ ತರಗತಿ ಓದಿದ್ದವನು ರಾಣೆಬೆನ್ನೂರಿನಲ್ಲಿ ಗಣಕಯಂತ್ರ ದುರಸ್ತಿಯ ಅಂಗಡಿಯಿಟ್ಟಿದ್ದನು. ದೂರವಾಣಿಯಲ್ಲಿ ಎಲ್ಲವನ್ನೂ ಕೇಳಿಕೊಂಡು ಅವನು ಹೇಳಿದ್ದಿಷ್ಟೆ: “ಗುರುಗಳ, ಮೊದಲ ಅದರ ವೈರು ಕಿತ್ತ ಇಡ್ರಿ. ಕರೆಂಟು ಬಂದ್ರೂ ಹಚ್ಚಬ್ಯಾಡ್ರಿ. ಏನೂ ಮಾಡದ ಸುಮ್ನ ಕುಂತ್ರ ಭಾಳಷ್ಟು ಉಳೀತೈತಿ.”

ಏನೂ ಮಾಡದೆ ಸುಮ್ಮನೆ ಕೂರುವುದು! ಇಪ್ಪತ್ತರ ಹುಡುಗನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಯನ್ನು ಯಾವ ಅಜ್ಜನೂ ಕೊಟ್ಟಿರಲಾರ. ಆದರೆ ವಿದ್ಯೆಯ ತಿರುಳೆಲ್ಲ ಅದರಲ್ಲಿಯೇ ಇದೆ. ಅಳಿಸಿತೆಂದು ತಿಳಿದ ಕ್ಷಣದಲ್ಲಿ ಯಂತ್ರವನ್ನು ನಿಲ್ಲಿಸಿದವನಿಗೆ ಬಹುಪಾಲು ದಕ್ಕುತ್ತದೆ. ಏನಾದರೊಂದು ಮಾಡಿಯೇ ತೀರುವವನಿಗೆ ಗಂಟೆಗಂಟೆಗೂ ಕಡಮೆ ದಕ್ಕುತ್ತದೆ.

ಮರುದಿನ ಅಜ್ಜ ಮೊಮ್ಮಗ ಇಬ್ಬರೂ ಪೆಟ್ಟಿಗೆಯನ್ನು ಅವ್ವನ ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋದರು. ಬಸ್ಸಿನಲ್ಲಿ ಮಾತಿಲ್ಲ. ಅಂಗಡಿಯ ತರುಣನು ಪೆಟ್ಟಿಗೆಯನ್ನು ತನ್ನ ಯಂತ್ರಕ್ಕೆ ಎರಡನೆಯ ಪೆಟ್ಟಿಗೆಯಾಗಿ ಜೋಡಿಸಿ, ಮೊದಲ ಮಡಿಯಿಂದ ಕಡೆಯ ಮಡಿಯವರೆಗೆ, ಖಾಲಿಯೆನಿಸಿದ ಮಡಿಗಳನ್ನೂ ಬಿಡದೆ, ಪಡಿಯಚ್ಚು ತೆಗೆದನು. ಎರಡು ತಾಸು ಹಿಡಿಯಿತು. ಆಮೇಲೆ ಮೂಲ ಪೆಟ್ಟಿಗೆಯನ್ನು ಬಿಚ್ಚಿ ಅದೇ ಸೀರೆಯಲ್ಲಿ ಸುತ್ತಿ ಮಾಸ್ತರರ ಕೈಯಲ್ಲಿ ಕೊಟ್ಟನು. ಮುಂದಿನ ಕತ್ತರಿ ಪ್ರಯೋಗವೆಲ್ಲ ಪಡಿಯಚ್ಚಿನ ಮೇಲೆಯೇ. ಬಲ್ಲವರ ಮೊದಲ ಲಕ್ಷಣವಿದು. ಮೂಲವನ್ನೇ ಮೇಜಿನ ಮೇಲಿಟ್ಟುಕೊಂಡು ಪ್ರಯೋಗಕ್ಕೆ ತೊಡಗುವವರಿಂದ ವಾಚಕರು ತಮ್ಮ ಪೆಟ್ಟಿಗೆಯನ್ನು ಕೂಡಲೇ ಹಿಂದಕ್ಕೆ ಪಡೆಯುವುದು ಲೇಸು.

“ಹಳೇ ಪೆಟಿಗಿ ಇದ್ದದ್ದು ಪುಣ್ಯ, ಗುರುಗಳ” ಎಂದನು ತರುಣ. ಆ ಮಾತಿಗೆ ಅರ್ಥವಿದೆ. ತಿರುಗುವ ಬಿಲ್ಲೆಗಳಿಲ್ಲದ, ಎಸ್.ಎಸ್.ಡಿ. ಎಂಬ ಹೊಸ ಬಗೆಯ ಪೆಟ್ಟಿಗೆಗಳಲ್ಲಿ ಟ್ರಿಮ್ ಎಂಬ ಏರ್ಪಾಡೊಂದಿರುತ್ತದೆ. ಯಾವ ಮಡಿ ಇನ್ನು ಬೇಡವೆಂದು ಯಂತ್ರ ತಿಳಿಸುತ್ತದೋ ಅದನ್ನು ಪೆಟ್ಟಿಗೆ ತನ್ನ ಬಿಡುವಿನಲ್ಲಿ ತಾನಾಗಿ ಗುಡಿಸಿ ಸಾರಿಸಿಬಿಡುತ್ತದೆ. ಹೊಸ ಬರಹಕ್ಕೆ ವೇಗ ಬರಲೆಂದು ಮಾಡಿದ ಅಚ್ಚುಕಟ್ಟುತನ. ಅದೇ ಹಳೆಯದಕ್ಕೆ ಮೃತ್ಯು. ಇಂದು ಮನೆಗಳಲ್ಲಿರುವ ಯಂತ್ರಗಳಲ್ಲಿ ಈ ಬಗೆಯವೇ ಹೆಚ್ಚು. ಇತ್ತ ಹೊಸ ಕ್ರಮದ ಹಿಸ್ಸೆಪಟ್ಟಿಯನ್ನಾದರೋ ಪೆಟ್ಟಿಗೆಯ ತುದಿಯಲ್ಲಿ ಇನ್ನೊಂದು ಪ್ರತಿಯಾಗಿಯೂ ಬರೆದಿಡುತ್ತಾರೆ. ಪಟ್ಟಿಗೆ ಭದ್ರತೆ ಹೆಚ್ಚಿತು, ಪೈರಿಗೆ ಕಡಮೆಯಾಯಿತು.

ಮೊದಲು ತರುಣನು ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶವನ್ನು ಓಡಿಸಿದನು. ಅದೂ ಅದರ ಜೊತೆಗಾರ ಫೋಟೊರೆಕ್ಕೂ ಕ್ರಿಸ್ತೋಫ್ ಗ್ರೆನಿಯೆ ಎಂಬವರ ಕೃತಿ. ಇಬ್ಬಗೆಗೂ ಕಾಸು ಕೊಡಬೇಕಾಗಿಲ್ಲ. ಬರಿಯ ಹಿಸ್ಸೆಯೊಂದೇ ಅಳಿಸಿದ್ದರೆ ಟೆಸ್ಟ್‌ಡಿಸ್ಕ್ ಪೆಟ್ಟಿಗೆಯನ್ನೆಲ್ಲ ನಡೆದು, ಹಳೆಯ ಬದುವಿನ ಗುರುತು ಹಿಡಿದು, ಆ 16 ಬೈಟನ್ನು ಮರಳಿ ಬರೆದುಬಿಡುತ್ತಿತ್ತು. ಎಲ್ಲವೂ ಹೆಸರು ಸಹಿತ ನಿಮಿಷಗಳಲ್ಲಿ ಎದ್ದು ಬರುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ‘ಡಿ’ಯು ಫ್ಯಾಟ್ ಎಂಬ ಹಳೆಯ ಪದ್ಧತಿಯದು. ಅದರಲ್ಲಿ ಒಂದೇ ಕಡತವನ್ನು ಅಳಿಸಿದರೆ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೆ. ‘ಬಸವಣ್ಣ’ನೆಂಬವನು ‘ಸವಣ್ಣ’ನಾಗಿ ಉಳಿದಿರುತ್ತಾನೆ. ಹಿಸ್ಸೆಯನ್ನೇ ಹೊಸದಾಗಿ ಸಿದ್ಧಗೊಳಿಸಿದಾಗ ಮಾತ್ರ ಕಡತಗಳ ಜಾಡು ಬರೆದ ಖಾತೆಪುಸ್ತಕವೇ ಬಿಳಿಯಾಗುತ್ತದೆ. ಆ ಪುಸ್ತಕದ ಎರಡು ಪ್ರತಿಗಳನ್ನು ಇಡುವ ಜಾಣತನವನ್ನೇನೋ ಹಿಂದಿನವರು ಮಾಡಿದ್ದಾರೆ. ಆದರೆ ಎರಡನ್ನೂ ಮಗ್ಗುಲುಮಗ್ಗುಲಲ್ಲಿ ಇಟ್ಟಿದ್ದರಿಂದ ಒಂದೇ ಕೈ ಎರಡನ್ನೂ ಒರಸಿತು.

ಹಾಗಾದರೆ ಪೈರು ಇದೆ, ಖಾತೆ ಇಲ್ಲ. ಯಾವುದು ಎಲ್ಲಿ ತೊಡಗಿತೆಂದು ತಿಳಿಯುವುದು ಹೇಗೆ? ಫೋಟೊರೆಕ್ಕಿನ ಕೆಲಸ ಇಲ್ಲಿಂದ ಮುಂದೆ. ವಚನ ಓದಿದವರಿಗೆ ಅದರ ಉಪಾಯ ಹೊಸದಲ್ಲ. ಓಲೆಗರಿಯಲ್ಲಿ ಕರ್ತೃವಿನ ಹೆಸರಿಲ್ಲದಿದ್ದರೂ ‘ಕೂಡಲಸಂಗಮದೇವ’ ಎಂದು ಬಂದರೆ ಬಸವಣ್ಣನದು, ‘ಚೆನ್ನಮಲ್ಲಿಕಾರ್ಜುನ’ ಎಂದು ಬಂದರೆ ಅಕ್ಕನದು ಎಂದು ತಿಳಿಯುವುದಿಲ್ಲವೇ? ಕಡತಗಳಿಗೂ ಇಂತಹ ಅಂಕಿತವುಂಟು. ವಚನದ ಅಂಕಿತ ತುದಿಗೆ, ಕಡತದ್ದು ತಲೆಗೆ, ಇಷ್ಟೇ ಭೇದ. ಧ್ವನಿಮುದ್ರಕದ ಕಡತ ‘ರಿಫ್’ ಎಂಬ ನಾಲ್ಕಕ್ಷರದಿಂದ ತೊಡಗುತ್ತದೆ. ತನ್ನ ಉದ್ದವೆಷ್ಟೆಂಬುದನ್ನೂ ಒಡನೆಯೇ ಹೇಳಿಕೊಳ್ಳುತ್ತದೆ. ಛಾಯಾಚಿತ್ರಕ್ಕೆ ಬೇರೆ ಅಂಕಿತ. ಹಳೆಯ ವರ್ಡ್ ಕಡತದ ಅಂಕಿತದಲ್ಲಿ ಒಂದು ವಿನೋದವೂ ಇದೆ. ಹದಿನಾರರ ಮಗ್ಗಿಯ ಲೆಕ್ಕದಲ್ಲಿ ಅದು ಡಿ, ಸೊನ್ನೆ, ಸಿ, ಎಫ್, ಒಂದು, ಒಂದು, ಇ, ಸೊನ್ನೆ. ಸೊನ್ನೆಯನ್ನು ‘ಓ’ ಎಂದೂ ಒಂದನ್ನು ಕಡ್ಡಿಯಕ್ಷರಗಳೆಂದೂ ಕಂಡವರಿಗೆ ‘ಡಾಕ್‌ಫೈಲ್’ ಎಂಬ ಓದು ಹೊಳೆಯುತ್ತದೆ. ಒಣ ಲೆಕ್ಕದವರಿಗೂ ಅಕ್ಷರಚೇಷ್ಟೆ ಬೇಡವೆನಿಸಿಲ್ಲ.

ಫೋಟೊರೆಕ್ ರಾತ್ರಿಯೆಲ್ಲ ಓಡಿತು. ಬೆಳಗ್ಗೆ ನೋಡಿದರೆ ಸಾವಿರಾರು ಕಡತಗಳು! ಹಾಡುಗಳ ಜೊತೆಗೆ ಮಗನ ಹಳೆಯ ಆಟಗಳ ಚೂರುಪಾರು, ಯಾರದೋ ಮದುವೆಯ ಚಿತ್ರ, ಎಂದೋ ತೆರೆದ ಪುಟಗಳ ಅಲಂಕಾರದ ಗುಂಡಿಗಳು. ಯಾವುದಕ್ಕೂ ಹೆಸರಿಲ್ಲ. ‘ಎಫ್’ ಎಂಬ ಒಂದು ಅಕ್ಷರ, ಅದರ ಮುಂದೆ ಏಳೆಂಟು ಅಂಕಿ. ಹುಡುಗನು ತಲೆಯ ಮೇಲೆ ಕೈ ಹೊತ್ತು ಕುಳಿತನು. ಮಾಸ್ತರರು ಕನ್ನಡಕ ಏರಿಸಿ ಆ ಅಂಕಿಗಳನ್ನೇ ದಿಟ್ಟಿಸಿ, ಇವು ಎಲ್ಲಿಂದ ಬಂದವೆಂದು ಕೇಳಿದರು. ಕಡತ ಯಾವ ಮಡಿಯಲ್ಲಿ ತೊಡಗಿತ್ತೋ ಆ ಮಡಿಯ ಸಂಖ್ಯೆ ಎಂದನು ತರುಣ. “ಹಂಗಾರ ಇದು ಸರ್ವೆ ನಂಬರ ಆತಲ್ಲೋ!” ಎಂದರು ಮಾಸ್ತರರು. ಎರಡು ದಿನಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೆಲುವು ಕಂಡಿತು. ಒಂದರ ಹಿಂದೊಂದು ಇಳಿಸಿದ ಹಾಡುಗಳು ಬಹುಮಟ್ಟಿಗೆ ಒಂದರ ಪಕ್ಕದಲ್ಲೊಂದು ಮಲಗಿರುತ್ತವೆ. ಸಂಖ್ಯೆಯ ಸಾಲು ಹಿಡಿದರೆ ಕಾಲದ ಸಾಲೂ ಸಿಕ್ಕುತ್ತದೆ.

ಬರಹದ ಕಡತಗಳನ್ನು ತೆರೆದಾಗ ಇನ್ನೊಂದು ಆಘಾತ ಕಾದಿತ್ತು. ಕನ್ನಡದ ಒಂದಕ್ಷರವೂ ಇಲ್ಲ! ‘ಕನ್ನಡ’ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೊಂದು ಗೀಟಿನ ‘ಎ’, ಜರ್ಮನರದೊಂದು ಅಕ್ಷರ, ‘ಕ್ಯೂ’, ಕಡೆಗೆ ಮತ್ತದೇ ‘ಎ’. ಅವ್ವನ ಸೋಬಾನ ಪದಗಳೆಲ್ಲ ಹೀಗೆ ವಿಲಾಯತಿಯ ಸಂತೆಯಾಗಿ ಕಂಡವು. ಕಡತ ಕೊಳೆತುಹೋಗಿದೆಯೆಂದು ಎಷ್ಟು ಮನೆಗಳಲ್ಲಿ ಜನ ಇಂತಹ ಬರಹವನ್ನು ತಾವೇ ಅಳಿಸಿದ್ದಾರೋ! ಕೆಟ್ಟಿರುವುದು ಏನೂ ಅಲ್ಲ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ವಂತ ಸ್ಥಾನವಿದ್ದರೂ ಅದು ಬಳಕೆಗೆ ಬರುವವರೆಗೆ ಇಂಗ್ಲಿಷಿನ ಮನೆಗಳಲ್ಲಿಯೇ ಕನ್ನಡದಕ್ಷರಗಳ ತುಂಡುಗಳನ್ನು ಬಾಡಿಗೆಗಿಟ್ಟು ಕಾಲ ಕಳೆದದ್ದುಂಟು. ನುಡಿಯ ಹಳೆಯ ಅಕ್ಷರಗಳು ಹಾಗೆ ಬಾಡಿಗೆ ಮನೆಯವು. ಹೊಸ ಯಂತ್ರದಲ್ಲಿ ನುಡಿಯ ಲಿಪಿ ಇಲ್ಲದಿದ್ದರೆ ಮನೆಯ ಯಜಮಾನನಾದ ‘ಪಿ’ಯೇ ಬಾಗಿಲಿಗೆ ಬರುತ್ತಾನೆ. ತರುಣನು ಲಿಪಿಯನ್ನು ಹಾಕಿದ ಕೂಡಲೇ ಪದಗಳು ಕನ್ನಡದಲ್ಲಿ ನಿಂತವು. ಮಾಸ್ತರರು ಒಂದನ್ನು ಮನಸ್ಸಿನಲ್ಲಿಯೇ ಓದಿಕೊಂಡು, ತಾವು ಎಂದೋ ಮಾಡಿದ್ದ ಒತ್ತಕ್ಷರದ ತಪ್ಪೊಂದನ್ನು ಅಲ್ಲಿಯೇ ತಿದ್ದಿದರು.

ಮನೆಗೆ ತಂದ ಮೇಲೆ ಎಣಿಕೆ ನಡೆಯಿತು. ಅವ್ವನ ದನಿಯಿರುವ ಕಡತಗಳು ನೂರ ಎಂಬತ್ತರಷ್ಟು. ‘ಡಿ’ಯ ಮುಂಭಾಗದಲ್ಲಿ ಮಗನ ಹಳೆಯ ಆಟಗಳಿದ್ದುದರಿಂದ ಚಲಚ್ಚಿತ್ರಗಳು ಬಹುಮಟ್ಟಿಗೆ ಅವುಗಳ ಮೇಲೆ ಕುಳಿತಿದ್ದವು. ಆದರೂ ಕಡೆಯ ಚಿತ್ರದ ಕಾಲು ಹಾಡುಗಳ ಹೊಲಕ್ಕೆ ಚಾಚಿತ್ತು. 2008ರ ಮೊದಲ ತಿಂಗಳುಗಳ ಪದಗಳು, ಅವ್ವನ ಕೊರಳು ಇನ್ನೂ ಗಟ್ಟಿಯಿದ್ದಾಗಿನವು, ಹೋದವು. ಅವು ನಿಜವಾಗಿ ಹೋದವು. ಯಾವ ತಂತ್ರಾಂಶವೂ ತರಲಾರದಂತೆ. ಹೆಸರಿನ ಪಟ್ಟಿ ಬರೆದಿದ್ದ ಕಡತವೂ ಅವುಗಳ ಜೊತೆಯಲ್ಲಿಯೇ ಹೋಗಿತ್ತು.

ಇದ್ದವಕ್ಕೆ ಹೆಸರಿಡಬೇಕಾಗಿತ್ತು. ಇದು ಬೆರಳಿನ ಕೆಲಸವಲ್ಲವೆಂಬುದನ್ನು ಆ ಸೀಮೆಯವರು ಹಿಂದೆ ಒಮ್ಮೆ ಕಂಡಿದ್ದಾರೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ಸರ್ವಜ್ಞನ ಹೆಸರಿನೊಡನೆ ಬೆಸೆದ ಊರುಗಳು. ಅವನ ತ್ರಿಪದಿಗಳು ಓಲೆಗರಿ ಕಡತಗಳಲ್ಲಿ ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ, ಅದಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ, ಚದುರಿಹೋಗಿದ್ದವು. ಧರ್ಮೋಪದೇಶಕರಾಗಿದ್ದ ಉತ್ತಂಗಿ ಚನ್ನಪ್ಪನವರು ಅವುಗಳನ್ನು ವರ್ಷಗಟ್ಟಲೆ ಆಯ್ದು, ವಿಷಯಕ್ಕೆ ತಕ್ಕಂತೆ ಹೊಂದಿಸಿ, 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅಲ್ಲಿಯೂ ಗುರುತು ಹಿಡಿಯುವುದಕ್ಕೆ ಇದ್ದುದು ಅಂಕಿತವೊಂದೇ. ಅಂಕಿತದ ತೊಡಕೂ ಅಲ್ಲಿಯದೇ: ಮೂರು ಸಾಲು ಹೊಸೆದು ಕೊನೆಗೆ ‘ಸರ್ವಜ್ಞ’ ಎಂದು ಅಂಟಿಸಿದವರು ಕನ್ನಡನಾಡಿನಲ್ಲಿ ಕಡಮೆಯಿಲ್ಲ. ಫೋಟೊರೆಕ್ಕಿಗೂ ಇದೇ ಪಾಡು. ತಲೆ ಹಾಡಿನದು, ಮೈ ಬೇರೆ ಯಾವುದರದೋ ಆದ ಕಡತಗಳನ್ನೂ ಅದು ಹಾಡೆಂದೇ ಎತ್ತಿಕೊಡುತ್ತದೆ. ಸೋಸುವುದಕ್ಕೆ ಬಲ್ಲ ಕಿವಿಯೇ ಬೇಕು.

ಮಾಸ್ತರರಿಗೆ ಹಾಡುಗಳು ಕೇಳಿ ಗೊತ್ತು. ಯಾವ ಪದವನ್ನು ಯಾವಾಗ ಹಾಡಬೇಕು, ಯಾವುದು ಯಾವ ಊರಿನಿಂದ ಬಂದದ್ದು ಎಂಬುದು ಹೆಂಗಸರ ಲೆಕ್ಕ. ಆ ಲೆಕ್ಕ ಉಳಿದಿದ್ದುದು ಒಬ್ಬಳಲ್ಲಿ. ಅವ್ವನ ತಂಗಿ, ಹಂಸಭಾವಿಯಲ್ಲಿದ್ದ ಚಿಕ್ಕವ್ವ. ಮೊಮ್ಮಗ ತಾನಾಗಿ ಹೋಗಿ ಅವಳನ್ನು ಕರೆತಂದನು. ರಜೆ ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು.

ಚಿಕ್ಕವ್ವ ಯಂತ್ರದ ಮುಂದೆ ಕುರ್ಚಿಯ ಮೇಲೆ ಕೂರಲೊಲ್ಲದೆ ನೆಲದ ಮೇಲೆ ಗೋಡೆಗೊರಗಿ ಕುಳಿತಳು. ಮೊದಲ ಕಡತದಲ್ಲಿ ಅವ್ವ ಕೆಮ್ಮಿ, ‘ಹಚ್ಚಿದೇನು?’ ಎಂದು ಕೇಳಿ, ಹಾಡತೊಡಗಿದಳು. ಚಿಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ಅಕ್ಕಾ ಎಷ್ಟ ಸಣ್ಣ ದನಿ ಮಾಡ್ಯಾಳಲ್ಲೋ ತಮ್ಮಾ! ಇದನ್ನ ಹಿಂಗ ಹಾಡ್ತಾರೇನು?” ಎಂದು ತಕರಾರು ತೆಗೆದಳು. ಅಲ್ಲಿಂದ ಕೆಲಸ ಸಾಗಿತು. ಇದು ಸುರಗಿ ನೀರಿನ ಪದ. ಇದು ಬೀಗರನ್ನು ಹಂಗಿಸುವುದು, ಅಕ್ಕ ಎರಡು ನುಡಿ ನುಂಗಿದ್ದಾಳೆ, ಮಗನ ಮುಂದೆ ಹಾಡಲು ನಾಚಿರಬೇಕು. ಇದು ತವರಿನದಲ್ಲ, ಬ್ಯಾಡಗಿ ಕಡೆಯಿಂದ ಬಂದ ಸೊಸೆಯೊಬ್ಬಳು ಕಲಿಸಿದ್ದು. ಹುಡುಗ ಹೆಸರು ಕುಟ್ಟುತ್ತ ಹೋದನು. ಮಾಸ್ತರರು ಅದೇ ಹೆಸರನ್ನೂ ಪಕ್ಕದಲ್ಲಿ ‘ಸರ್ವೆ ನಂಬರ’ನ್ನೂ ಉದ್ದನೆಯ ಲೆಕ್ಕದ ವಹಿಯೊಂದರಲ್ಲಿ ಮಸಿಯ ಪೆನ್ನಿನಿಂದ ಬರೆದುಕೊಂಡರು. ಹಾಡುಗಳ ಮೂರು ಪ್ರತಿಗಳಾದವು. ಒಂದು ಮನೆಯಲ್ಲಿ, ಒಂದು ಹುಬ್ಬಳ್ಳಿಯಲ್ಲಿ, ಒಂದು ರಾಣೆಬೆನ್ನೂರಿನ ಅಂಗಡಿಯ ಕಪಾಟಿನಲ್ಲಿ.

ಒಂದು ಕಡತ ನಡುವೆ ಕಡಿದಿತ್ತು. ಚಲಚ್ಚಿತ್ರದ ಕಾಲು ತಗುಲಿದ ಎಡೆಯದು. ಬೀಸುವ ಪದ ಮೂರನೆಯ ನುಡಿಯಲ್ಲಿ ಗಕ್ಕನೆ ನಿಂತು, ಗರಗರ ಸದ್ದು ಬಂದು, ಮೌನವಾಯಿತು. ಚಿಕ್ಕವ್ವ ನಿಲ್ಲಲಿಲ್ಲ. ಅಕ್ಕ ಬಿಟ್ಟ ಮಾತಿನಿಂದಲೇ ಎತ್ತಿಕೊಂಡು ಮುಂದಿನ ನುಡಿ ಹಾಡಿದಳು. ಅದರ ಮುಂದಿನದನ್ನೂ ಹಾಡಿದಳು. ಹುಡುಗನು ಗಡಿಬಿಡಿಯಿಂದ ಜೇಬಿನ ದೂರವಾಣಿಯನ್ನು ತೆಗೆದು ಅವಳ ಬಾಯ ಬಳಿ ಹಿಡಿಯುವಷ್ಟರಲ್ಲಿ ಅವಳು ನಿಲ್ಲಿಸಿ, “ಮುಂದಿಂದು ಅಕ್ಕಗ ಬರತಿತ್ತು, ನನಗ ಬರೂದಿಲ್ಲ” ಎಂದಳು.

ವಹಿಯಲ್ಲಿ ಆ ಸಂಖ್ಯೆಯ ಮುಂದೆ ಮಾಸ್ತರರು ‘ಅರ್ಧ, ಎರಡು ನುಡಿ ಚಿಕ್ಕವ್ವನದು’ ಎಂದು ಬರೆದರು. ರಜೆ ಮುಗಿದು ಹುಡುಗ ಹುಬ್ಬಳ್ಳಿಗೆ ಹೊರಟಾಗ ಹನ್ನೊಂದು ಪದಗಳಿಗೆ ಇನ್ನೂ ಹೆಸರು ಸಿಕ್ಕಿರಲಿಲ್ಲ. ಬ್ಯಾಡಗಿ ಕಡೆಯ ಆ ಸೊಸೆ ಇನ್ನೂ ಇದ್ದಾಳೇನೋ ಕೇಳಿಸಿ ನೋಡುತ್ತೇನೆಂದು ಚಿಕ್ಕವ್ವ ಹೇಳಿಹೋಗಿದ್ದಳು.